ದೀಪ ದೊಡ್ಡದು ಮಾಡಿದ ಭಾನುವಾರ

ನಮ್ಮೂರಲ್ಲಿ ಭಾನುವಾರ ಮಧ್ಯಾಹ್ನ ದಾಟಿದ ಮೇಲೆ ಯಾರು ಏನನ್ನು ಮಾರಿದರೂ ಅವರ ದನಿ ಹೋಗುತ್ತದೆ. ಸೋಮವಾರ ಬೆಳಕು ಹರಿದ ಮೇಲೆ ತಾನಾಗಿಯೇ ವಾಪಸು ಬರುತ್ತದೆ. ಗಂಟಲು ನೋಯುವುದಿಲ್ಲ, ಮೈ ಬಿಸಿಯಾಗುವುದಿಲ್ಲ. ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ, ಮಾತು ಬರುವುದಿಲ್ಲ, ಅಷ್ಟೆ. ಕೊಂಡವರಿಗೆ ಏನೂ ಆಗುವುದಿಲ್ಲ. ಗಲ್ಲಾದಲ್ಲಿ ಕೂತು ದುಡ್ಡು ತೆಗೆದುಕೊಂಡವರಿಗೂ ಏನೂ ಆಗುವುದಿಲ್ಲ. ಯಾರ ಕೈಯಿಂದ ಸರಕು ಗಿರಾಕಿಯ ಕೈಗೆ ಹೋಯಿತೋ ಅವರದಷ್ಟೇ ದನಿ ಹೋಗುವುದು. ಈ ಕೊನೆಯ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ ನನ್ನ ಸಿಟ್ಟೆಲ್ಲ ಇರುವುದು ಅಲ್ಲಿಯೇ.

ಇದನ್ನು ನಾವು ಯಾವತ್ತೂ ದೊಡ್ಡ ವಿಷಯ ಮಾಡಿದವರಲ್ಲ. ಭಾನುವಾರ ಹನ್ನೆರಡು ಹೊಡೆಯುವ ಹೊತ್ತಿಗೆ ಪೇಟೆಯ ಅಂಗಡಿಗಳೆಲ್ಲ ಬಾಗಿಲು ಮುಂದೆ ಮಾಡುತ್ತಿದ್ದವು. ಹೂವಿನವಳು ಉಳಿದ ಮಲ್ಲಿಗೆಯನ್ನು ಬುಟ್ಟಿಯಲ್ಲಿ ಬಾಡಿಸುವುದೇಕೆಂದು ಸುಮ್ಮನೆ ಹಂಚಿಬಿಡುತ್ತಿದ್ದಳು. ಹಂಚಿದರೆ ದನಿ ಹೋಗುವುದಿಲ್ಲ. ಹಾಗಾಗಿ ಸರಿಯಾಗಿ ಆ ಹೊತ್ತಿಗೆ ನಮ್ಮೂರಿನ ಅರ್ಧ ಹೆಂಗಸರಿಗೆ ಪೇಟೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಔಷಧಿ ಅಂಗಡಿಯ ವಿಠಲರಾಯರು ಮಾತ್ರ ಮಧ್ಯಾಹ್ನದ ಮೇಲೂ ಅಂಗಡಿ ತೆರೆದಿರುತ್ತಿದ್ದರು. ಮಗುವಿಗೆ ಜ್ವರ ಬರುವಾಗ ವಾರ ನೋಡಿಕೊಂಡು ಬರುವುದಿಲ್ಲವಲ್ಲ. ಮೊದಲ ಮಾತ್ರೆ ಕೊಟ್ಟ ಕೂಡಲೇ ಅವರ ದನಿ ಹೋಗುತ್ತಿತ್ತು. ಭಾನುವಾರ ಸಂಜೆ ಅವರು ಬೀದಿಯಲ್ಲಿ ಎದುರಾದರೆ ಜನ ಕೈಮುಗಿದು ಮುಂದೆ ಹೋಗುತ್ತಿದ್ದರೇ ಹೊರತು ಮಾತಾಡಿಸಿ ಮುಜುಗರ ಮಾಡುತ್ತಿರಲಿಲ್ಲ. ಅದು ಅವರು ತಾವಾಗಿ ಒಪ್ಪಿಕೊಂಡಿದ್ದು, ಯಾರೂ ಅವರ ಕುತ್ತಿಗೆಯ ಮೇಲೆ ಕೂತು ಮಾಡಿಸಿದ್ದಲ್ಲ.

ನನ್ನ ಹೆಸರು ರುದ್ರಾಣಿ. ಹೆಸರಿಗೆ ತಕ್ಕ ಬಾಯಿ ಎಂದು ಪೇಟೆಯಲ್ಲಿ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಸಾಹುಕಾರ್ ಚಿದಾನಂದಪ್ಪನವರ ಜವಳಿ ಅಂಗಡಿಯ ಮಹಡಿಯ ಮೇಲೆ ರೇಷ್ಮೆ ಸೀರೆ ತೋರಿಸುವುದು ನನ್ನ ಕೆಲಸ. ನನ್ನ ಜೊತೆ ಜುಬೇದಾ ಇದ್ದಾಳೆ, ನನಗಿಂತ ಬಹಳ ಚಿಕ್ಕವಳು, ಹಾಲು ಕುಡಿಯುವ ಕೂಸಿನ ತಾಯಿ. ಮನೆಯಲ್ಲಿ ನಾನು ಮತ್ತು ನಮ್ಮಕ್ಕ ಸುಭದ್ರ, ಇಬ್ಬರೇ. ಅಕ್ಕ ಒಂದು ಕಾಲಕ್ಕೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಬೀದಿ ಬೀದಿ ತಿರುಗಿ ನನ್ನನ್ನು ಸಾಕಿದವಳು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವಳ ಕಣ್ಣು ಮಂಜಾಗತೊಡಗಿತು, ಆಮೇಲೆ ಪೂರ್ತಿ ಹೋಯಿತು. ಕಣ್ಣು ಹೋದದ್ದಕ್ಕೆ ಅವಳು ಅತ್ತದ್ದನ್ನು ನಾನು ಕಂಡಿಲ್ಲ. ಬಳೆ ಮಾರುವವಳು ಬಣ್ಣ ನೋಡದೆ ಹೇಗೆ ಬದುಕಲಿ ಎಂದು ಒಂದೇ ಒಂದು ಸಲ ಕೇಳಿದ್ದಳು.

ಅದಕ್ಕೇ ಭಾನುವಾರ ಮಧ್ಯಾಹ್ನ ನಮ್ಮಿಬ್ಬರದಾಗಿತ್ತು. ಉಳಿದ ದಿನಗಳಲ್ಲಿ ನಾನು ಬರುವ ಹೊತ್ತಿಗೆ ಅವಳಿಗೆ ನಿದ್ದೆ, ಇಲ್ಲವೇ ನನಗೆ ಸುಸ್ತು. ಭಾನುವಾರ ಮಾತ್ರ ಊಟ ಮಾಡಿ, ನಡುಮನೆಯ ತಣ್ಣನೆಯ ನೆಲದಲ್ಲಿ ಚಾಪೆ ಹಾಕಿಕೊಂಡು, ಆ ವಾರ ಅಂಗಡಿಯಲ್ಲಿ ಬಿಚ್ಚಿದ ಸೀರೆಗಳನ್ನೆಲ್ಲ ನಾನು ಬಾಯಲ್ಲೇ ಇನ್ನೊಂದು ಸಲ ಬಿಚ್ಚಬೇಕು. ಯಾರು ಕೊಂಡರು, ಎಷ್ಟು ಚೌಕಾಸಿ ಮಾಡಿದರು ಎಂಬುದೆಲ್ಲ ಅವಳಿಗೆ ಆಮೇಲೆ. ಮೊದಲು ಬಣ್ಣ ಹೇಳಬೇಕು.

"ಬದನೆಕಾಯಿ ಬಣ್ಣ ಕಣೇ ಅಕ್ಕ," ಎನ್ನುತ್ತಿದ್ದೆ.

"ಎಳೇದೋ, ಬಲಿತದ್ದೋ?"

"ಎಳೇದು. ತೊಟ್ಟಿನ ಹತ್ರ ಬೆಳ್ಳಗಿರುತ್ತಲ್ಲ, ಅಂಥದು. ಅಂಚು ಮಾತ್ರ ತೊಂಡೆಹಣ್ಣು."

"ಅಯ್ಯೋ, ಚೆನ್ನಾಗಿರುತ್ತೆ ಕಣೇ ಅದು! ಯಾರು ತಗೊಂಡ್ರು, ಪುಣ್ಯಾತ್ಗಿತ್ತಿ?"

ಹೀಗೆ ಕತ್ತಲಾಗುವವರೆಗೂ ನಡೆಯುತ್ತಿತ್ತು. ಅವಳು ಮುಖ ಮೇಲೆ ಮಾಡಿ ಕೂತಿರುತ್ತಿದ್ದಳು. ನಾನು ಹೇಳಿದ ಬಣ್ಣ ಅವಳಿಗೆ ಕಾಣುತ್ತಿತ್ತು. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಸರಿಯಾಗಿ ಹೇಳದಿದ್ದರೆ "ಸುಳ್ಳು ಹೇಳಬೇಡ, ಅಂಥ ಹಸಿರಿಲ್ಲ" ಎಂದು ಬೈಯುತ್ತಿದ್ದಳು.

ಇನ್ನು ಆ ಕಲ್ಲಿನ ಸಂಗತಿ. ಪೇಟೆಯ ಬಾಗಿಲಲ್ಲಿ ಹಳೆಯ ಕಾಲದ ಒಂದು ಕಲ್ಲಿದೆ. ಅದರ ಮೇಲೆ 'ಆದಿತ್ಯವಾರ ಮಧ್ಯಾಹ್ನಕ್ಕೆ ಅಂಗಡಿಗಳ ದೀಪ ದೊಡ್ಡದು ಮಾಡತಕ್ಕದ್ದು' ಎಂದು ಕೆತ್ತಿದ್ದಾರೆ. ದೀಪ ದೊಡ್ಡದು ಮಾಡುವುದೆಂದರೆ ಏನೆಂದು ನಮ್ಮೂರಿನ ಎಳೆ ಮಗುವಿಗೂ ಗೊತ್ತು. ದೀಪ ಆರಿಸು ಎಂದು ನಾವು ಬಾಯಲ್ಲಿ ಹೇಳುವುದಿಲ್ಲ, ಅದು ಅಪಶಕುನ. ಬಳೆ ಒಡೆದರೆ ಬಳೆ ಹೆಚ್ಚಾಯಿತು ಎನ್ನುತ್ತೇವೆ, ಅಕ್ಕಿ ಖಾಲಿಯಾದರೆ ಅಕ್ಕಿ ತುಂಬಿದೆ ಎನ್ನುತ್ತೇವೆ. ಹಾಗೆಯೇ ದೀಪ ಆರಿಸುವುದಕ್ಕೆ ದೊಡ್ಡದು ಮಾಡುವುದು ಎನ್ನುತ್ತೇವೆ. ಎಣ್ಣೆ ದೀಪ ಹೋಗಿ ಕರೆಂಟು ಬಂದರೂ ನಮ್ಮ ಬಾಯಿ ಬದಲಾಗಲಿಲ್ಲ. ಮಲಗುವಾಗ ಪ್ರತಿ ಮನೆಯಲ್ಲೂ ತಾಯಂದಿರು "ಲೈಟು ದೊಡ್ಡದು ಮಾಡ್ರೋ" ಎಂದೇ ಕೂಗುವುದು. ಅಂಗಡಿಯ ದೀಪ ದೊಡ್ಡದು ಮಾಡು ಎಂದರೆ ವ್ಯಾಪಾರ ನಿಲ್ಲಿಸಿ ಮನೆಗೆ ಹೋಗು ಎಂದರ್ಥ. ಕಲ್ಲು ಕೆತ್ತಿಸಿದವರು ಒಳ್ಳೆಯ ಮಾತಿನಲ್ಲಿ ಹೇಳಿದ್ದರು.

ಹೊಳೆಯಾಚೆ ಬಟ್ಟೆ ಹೊಲಿಯುವ ಕಾರ್ಖಾನೆ ಬಂದ ಮೇಲೆ ಎಲ್ಲ ಶುರುವಾಯಿತು. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಅವರಿಗೆ ಬಿಡುವಿರುವುದು ಭಾನುವಾರ ಮಾತ್ರ, ಅದರಲ್ಲೂ ಬಟ್ಟೆ ಒಗೆದು, ನೀರು ಹಿಡಿದು ಈಚೆ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ಬಸ್ಸಿಳಿದು ಪೇಟೆಗೆ ಬಂದರೆ ಎಲ್ಲ ಕಡೆ ಬೀಗ. "ನಾವೇನು ಹಬ್ಬಕ್ಕೆ ಹರಕು ಸೀರೆ ಉಡಬೇಕಾ?" ಎಂದು ಅವರು ಕೇಳಿದರು. ಅವರ ಮಾತು ಸುಳ್ಳಲ್ಲ. ದಿನವೆಲ್ಲ ನಿಂತು ದುಡಿಯುವ ಹೆಂಗಸಿನ ಮೇಲೆ ನಾನು ಸಿಟ್ಟಾಗಲಾರೆ. ವಾರದಲ್ಲಿ ಒಂದು ರಾತ್ರಿ ಅವರಿಗಾಗಿ ತಡವಾಗಿ ಬಾಗಿಲು ಹಾಕಿ ಎಂದು ನಾನೇ ಸಾಹುಕಾರರಿಗೆ ಹೇಳಿದೆ. ಅವರು ನನ್ನ ಮುಖವನ್ನೂ ನೋಡದೆ, ರಾತ್ರಿ ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ ಎಂದರು.

ಚಿದಾನಂದಪ್ಪನವರು ವರ್ತಕರ ಸಂಘದ ಅಧ್ಯಕ್ಷರೂ ಹೌದು. ಇಸ್ತ್ರಿ ಕೆಡದ ಬಿಳಿ ಅಂಗಿ, ಸಣ್ಣ ದನಿ, ಯಾರನ್ನೂ ಗದರದ ಬಾಯಿ. ಗದರುವವರನ್ನಾದರೂ ನಂಬಬಹುದು. ಅವರು ಸಂಘದ ಸಭೆ ಕರೆದು, ಮಾಲೀಕರನ್ನೆಲ್ಲ ಕೂರಿಸಿ, ಆ ಕಲ್ಲಿನ ಮಾತನ್ನು ಗಟ್ಟಿಯಾಗಿ ಓದಿದರಂತೆ. "ನೋಡಿ, ನಮ್ಮ ಹಿರಿಯರು ಏನು ಹೇಳಿದ್ದಾರೆ? ದೀಪ ದೊಡ್ಡದು ಮಾಡಿ ಅಂದಿದ್ದಾರೆ. ಚಿಕ್ಕದು ಮಾಡಿ ಅಂದಿಲ್ಲ, ಆರಿಸಿ ಅಂತಲೂ ಅಂದಿಲ್ಲ. ಭಾನುವಾರ ಮಧ್ಯಾಹ್ನ ಇನ್ನೂ ಜೋರಾಗಿ ದೀಪ ಹಚ್ಚಿ ವ್ಯಾಪಾರ ಮಾಡಿ ಅಂತ ಸ್ಪಷ್ಟವಾಗಿದೆ. ನಾವೇ ಇಷ್ಟು ದಿನ ತಪ್ಪು ತಿಳಿದಿದ್ದೆವು," ಎಂದರಂತೆ. ಮೊದಲು ಎಲ್ಲರೂ ನಕ್ಕರಂತೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರಂತೆ. ಇದನ್ನು ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಕನ್ನಡ ಬಾರದವರು ಹೀಗೆ ಓದಿದ್ದರೆ ಕ್ಷಮಿಸಬಹುದಿತ್ತು. ಈ ಮನುಷ್ಯನ ತಾಯಿ ಬದುಕಿರುವವರೆಗೂ ದಿನಾ ರಾತ್ರಿ ಅವನಿಗೆ ಲೈಟು ದೊಡ್ಡದು ಮಾಡಪ್ಪ ಎಂದೇ ಹೇಳಿದವಳು. ಅಂಗಡಿಯ ಹಿಂದೆಯೇ ಅವರ ಮನೆ, ನನ್ನ ಕಿವಿಯಾರೆ ನಾನು ಕೇಳಿದ್ದೇನೆ.

ಭಾನುವಾರ ರಾತ್ರಿ ಎಂಟರವರೆಗೆ ಅಂಗಡಿ ತೆರೆದಿರಬೇಕು, ಸದ್ಯಕ್ಕೆ ಪರೀಕ್ಷೆಗಾಗಿ, ದೀಪಾವಳಿ ಕಳೆದ ಮೇಲೆ ಮಾಲೀಕರು ಕೆಲಸಗಾರರು ಎಲ್ಲ ಸೇರಿ ಮಹಾಸಭೆಯಲ್ಲಿ ಕಾಯಂ ಮಾಡುವುದು ಎಂದು ತೀರ್ಮಾನವಾಯಿತು. ನಮಗೆ ಅದು ಗೊತ್ತಾದದ್ದು ಅದೇ ಭಾನುವಾರ ಬೆಳಿಗ್ಗೆ, ಅಂಗಡಿಗೆ ಬಂದ ಮೇಲೆ.

"ಸಾಹುಕಾರ್ರೇ, ನಮ್ಮ ದನಿ?" ಎಂದು ಕೇಳಿದೆ.

"ಒಂದು ರಾತ್ರಿ ಮಾತು ಇಲ್ದಿದ್ರೆ ಏನು ಕಳ್ಕೊಳ್ತೀರಮ್ಮ? ಬೆಳಿಗ್ಗೆ ಬಂದೇ ಬರುತ್ತಲ್ಲ. ಮನೆಯವರಿಗೂ ಸ್ವಲ್ಪ ನೆಮ್ಮದಿ," ಎಂದು ನಕ್ಕರು.

"ಹಾಗಾದ್ರೆ ನೀವೇ ಸೀರೆ ತೋರಿಸಿ ಕೊಡಿ. ನಾವು ಗಲ್ಲಾದಲ್ಲಿ ಕೂತ್ಕೊಳ್ತೀವಿ."

ಅವರಿಗೆ ಕೋಪ ಬರಲಿಲ್ಲ. "ಭಾನುವಾರ ಬರೋಕೆ ಆಗದವರು ಸೋಮವಾರವೂ ಬರೋದು ಬೇಡ, ನಾನೇನೂ ಬಲವಂತ ಮಾಡಲ್ಲ," ಎಂದು ಮೆಲ್ಲಗೆ ಹೇಳಿ ಊದುಬತ್ತಿ ಹಚ್ಚಲು ಹೋದರು. ಜುಬೇದಾ ನನ್ನ ಸೆರಗು ಹಿಡಿದು ಜಗ್ಗಿದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನಾನು ಬಾಯಿ ಮುಚ್ಚಿಕೊಂಡೆ.

ಅವತ್ತು ಮಧ್ಯಾಹ್ನ ಕಾರ್ಖಾನೆಯ ಹುಡುಗಿಯೊಬ್ಬಳಿಗೆ ಗಿಣಿಹಸಿರು ಸೀರೆ ಕೊಟ್ಟೆ. "ಚೆನ್ನಾಗಿ ಒಪ್ಪುತ್ತೆ ಕಣಮ್ಮ ನಿನಗೆ" ಎಂದು ಹೇಳಲು ಹೋದೆ, ಬಾಯಿಂದ ಗಾಳಿ ಬಂತು. ಆ ಹುಡುಗಿಗೇ ನನಗಿಂತ ಹೆಚ್ಚು ಗಾಬರಿಯಾಯಿತು, ಪಾಪ. ತಪ್ಪಾಯ್ತು ಅಮ್ಮ ಎಂದು ಕೈಮುಗಿದಳು. ಅವಳು ಯಾಕೆ ಕೈಮುಗಿಯಬೇಕಿತ್ತು? ಕೈಮುಗಿಯಬೇಕಾದವರು ಕೆಳಗೆ ಗಲ್ಲಾದಲ್ಲಿ, ಫ್ಯಾನಿನ ಕೆಳಗೆ, ಬಂದವರನ್ನೆಲ್ಲ ಬಾಯ್ತುಂಬ ಮಾತಾಡಿಸುತ್ತ ಕೂತಿದ್ದರು. ಸಂಜೆಯ ಹೊತ್ತಿಗೆ ಅವರಿಗೆ ಇನ್ನೊಂದು ಲಾಭವೂ ಹೊಳೆಯಿತು. ಮಾತು ಬಾರದವರ ಹತ್ತಿರ ಯಾರೂ ಚೌಕಾಸಿ ಮಾಡುವುದಿಲ್ಲ. ಚೀಟಿಯಲ್ಲಿ ಬರೆದದ್ದೇ ಬೆಲೆ. "ಭಾನುವಾರದ ವ್ಯಾಪಾರ ಎಷ್ಟು ಶಾಂತವಾಗಿರುತ್ತೆ ನೋಡಿ" ಎಂದು ಪಕ್ಕದ ಪಾತ್ರೆ ಅಂಗಡಿಯವರಿಗೆ ಅವರು ಹೇಳುತ್ತಿದ್ದುದು ನನಗೆ ಮೆಟ್ಟಿಲ ಮೇಲೆ ಕೇಳಿಸಿತು.

ಮನೆಗೆ ಬಂದು ಚಿಲಕ ತೆಗೆದೆ. ಒಳಗೆ ರೇಡಿಯೋ ಹಾಡುತ್ತಿತ್ತು. ಅಕ್ಕ ರೇಡಿಯೋ ನಿಲ್ಲಿಸಿದಳು.

"ಯಾರದು?"

ನಾನು ಬಾಯಿ ತೆರೆದೆ. ನಾನು ಕಣೇ ಎಂಬ ಎರಡು ಮಾತು ನೋಡಿ, ಅದು ಹೊರಗೆ ಬರಲಿಲ್ಲ.

"ಯಾರಪ್ಪ ಅದು? ಮಾತಾಡ್ರೀ."

ಬಳೆ ಅಲ್ಲಾಡಿಸಿದೆ. ಬೀದಿಯಲ್ಲಿ ಬಳೆ ತೊಡದವರು ಯಾರಿದ್ದಾರೆ? ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಎಲೆಅಡಿಕೆ ಕುಟ್ಟುವ ಕಲ್ಲಿನ ಗುಂಡು ಅವಳ ಕೈಗೆ ಸಿಕ್ಕಿತು. "ನನ್ನ ತಂಗಿ ಈಗ ಬರ್ತಾಳೆ. ಅವಳು ಬಂದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ," ಎಂದು ನಡುಗುವ ದನಿಯಲ್ಲಿ ನನ್ನನ್ನೇ ಹೆದರಿಸಿದಳು. ಹತ್ತಿರ ಹೋಗಿ ಕೈ ಹಿಡಿಯೋಣವೆಂದರೆ ಚೀರಿಕೊಂಡು ಗುಂಡನ್ನು ಬೀಸಿದಳು. ಅದು ನನ್ನ ಭುಜಕ್ಕೆ ಬಿತ್ತು. ಚೀರಾಟ ಕೇಳಿ ಪಕ್ಕದ ಮನೆಯವರು ಓಡಿಬಂದು "ಅಯ್ಯೋ ಸುಭದ್ರಕ್ಕ, ಇದು ರುದ್ರಾಣಿ ಕಣ್ರೀ!" ಎಂದ ಮೇಲೆಯೇ ಅವಳು ಗುಂಡನ್ನು ಕೆಳಗಿಟ್ಟದ್ದು. ಆಮೇಲೆ ನನ್ನ ಮುಖ, ತಲೆ, ಭುಜ ಎಲ್ಲ ತಡವಿ ನೋಡಿ ಬಹಳ ಹೊತ್ತು ಅತ್ತಳು. ಕಣ್ಣು ಹೋದಾಗ ಅಳದವಳು ಅವತ್ತು ಅತ್ತಳು. ಭುಜದ ನೋವು ನನಗೆ ಗೊತ್ತೇ ಆಗಲಿಲ್ಲ. ನನ್ನ ಸ್ವಂತ ಮನೆಯಲ್ಲಿ, ನನ್ನನ್ನು ಸಾಕಿದವಳ ಬಾಯಲ್ಲಿ, ಯಾರದು ಅನ್ನಿಸಿಕೊಳ್ಳಬೇಕಾಯಿತಲ್ಲ ಎಂದು ರಾತ್ರಿಯೆಲ್ಲ ಹೊಟ್ಟೆ ಉರಿಯಿತು.

ಆಮೇಲೆ ಊರಿನವರೆಲ್ಲ ಹೇಗೋ ಹೊಂದಿಕೊಂಡರು. ನಮ್ಮ ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ, ಅದೇ ನಮ್ಮ ದೊಡ್ಡ ರೋಗ. ಪಾತ್ರೆ ಅಂಗಡಿಯವರು ಚಮಚದಿಂದ ತಟ್ಟೆ ಬಡಿದು ಗಿರಾಕಿಯನ್ನು ಕರೆಯುವುದು ಕಲಿತರು. ಚಪ್ಪಲಿ ಅಂಗಡಿಯವನು ಶಿಳ್ಳೆಯಲ್ಲೇ ಹೌದು, ಅಲ್ಲ, ಇನ್ನೊಂದು ಸೈಜು ನೋಡಿ ಎಂದೆಲ್ಲ ಹೇಳತೊಡಗಿದ. ಅವನ ಶಿಳ್ಳೆ ಕೇಳಲೆಂದೇ ಜನ ಬರುತ್ತಿದ್ದರು. ಭಾನುವಾರ ರಾತ್ರಿ ಮನೆಗಳಲ್ಲಿ ಜಗಳ ಕಡಿಮೆಯಾಯಿತು ಎಂದು ಕೆಲವು ಗಂಡಸರು ಖುಷಿಪಟ್ಟರು. ಜುಬೇದಾಳ ಕೂಸು ಮಾತ್ರ ಜೋಗುಳ ಕೇಳದೆ ನಿದ್ದೆ ಮಾಡುತ್ತಿರಲಿಲ್ಲ. ಸೋಮವಾರ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಗಿರಾಕಿಯ ಮುಂದೆ ಆಕಳಿಸಬೇಡ ಎಂದು ಸಾಹುಕಾರರು ಅವಳಿಗೆ ಬುದ್ಧಿ ಹೇಳುತ್ತಿದ್ದರು.

ನಾವೂ ಒಂದು ಗುರುತು ಮಾಡಿಕೊಂಡೆವು. ಚಿಕ್ಕಂದಿನಲ್ಲಿ ಬಳೆ ಚೂರು ಚುಚ್ಚಿ ನನ್ನ ಅಂಗೈಯಲ್ಲಿ ಆದ ಗಾಯದ ಕಲೆ ಇನ್ನೂ ಇದೆ. ಭಾನುವಾರ ರಾತ್ರಿ ಬಂದ ಕೂಡಲೇ ಬಾಗಿಲಲ್ಲಿ ಕೆಮ್ಮಿದ ಹಾಗೆ ಉಸಿರು ಬಿಟ್ಟು, ಅಕ್ಕನ ಬೆರಳನ್ನು ಆ ಕಲೆಯ ಮೇಲೆ ಇಡುತ್ತಿದ್ದೆ. "ಹೂಂ, ನೀನೇ," ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಕಾಯುತ್ತಿದ್ದಳು. ಆಮೇಲೆ, "ಗುರುತಾಯ್ತು ಕಣೇ, ಮಾತಾಗ್ಲಿಲ್ಲ," ಎಂದು ಎದ್ದು ಹೋಗಿ ಮಲಗುತ್ತಿದ್ದಳು. ಸೋಮವಾರ ಬೆಳಿಗ್ಗೆ ದನಿ ಬಂದರೇನು, ನೀರು ಹಿಡಿಯಬೇಕು, ಅಡುಗೆ ಮಾಡಿಡಬೇಕು, ಅಂಗಡಿಗೆ ಓಡಬೇಕು. ಆ ಗಡಿಬಿಡಿಯಲ್ಲಿ "ಒಂದು ನೀಲಿ, ಎರಡು ಕೆಂಪು" ಎಂದು ತರಕಾರಿ ಲೆಕ್ಕ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದೆ. ಅವಳು ಎಂಥ ನೀಲಿ ಎಂದು ಕೇಳುವ ಹೊತ್ತಿಗೆ ನಾನು ಬೀದಿಯಲ್ಲಿರುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದಳು. "ರುದ್ರೀ, ನವಿಲುಗರಿ ಬಣ್ಣ ಹ್ಯಾಗಿತ್ತೇ? ಹಸಿರು ಅಂತ ಗೊತ್ತು. ನೀಲಿ ಅಂತಲೂ ಗೊತ್ತು. ಕಣ್ಣ ಮುಂದೆ ಬರ್ತಾ ಇಲ್ಲ ಕಣೇ. ಒಂದೊಂದೇ ಹೋಗ್ತಾ ಇವೆ."

ನಾನು ಕೈಯಲ್ಲಿದ್ದ ಪಾತ್ರೆ ಇಟ್ಟು ಕೂತೆ. ಅಂಗಡಿಗೆ ತಡವಾದರೂ ಆಗಲಿ ಎಂದು ಹೇಳಿದೆ, ಎಷ್ಟು ಬಗೆಯಲ್ಲಿ ಹೇಳಿದೆನೋ. ಅವಳು ಮುಖ ಮೇಲೆ ಮಾಡಿ ಕೇಳಿದಳು, ಆದರೆ ಮುಖದಲ್ಲಿ ಏನೂ ಮೂಡಲಿಲ್ಲ. ಇರಲಿ ಬಿಡು, ತಡವಾಯ್ತು ಹೋಗು ಎಂದು ನನ್ನನ್ನೇ ಸಮಾಧಾನ ಮಾಡಿದಳು. ಕಣ್ಣನ್ನು ದೇವರು ಕಿತ್ತುಕೊಂಡ, ಅವನ ಹತ್ತಿರ ಜಗಳವಾಡಲು ಆಗುವುದಿಲ್ಲ. ಉಳಿದಿದ್ದ ಬಣ್ಣವನ್ನು ಕಿತ್ತುಕೊಳ್ಳುತ್ತಿರುವವರು ಯಾರೆಂದು ನನಗೆ ಗೊತ್ತಿತ್ತು, ಅವರ ಅಂಗಡಿಯ ವಿಳಾಸವೂ ಗೊತ್ತಿತ್ತು.

ದೀಪಾವಳಿ ಕಳೆಯಿತು. ಮಹಾಸಭೆಗೆ ದಿನ ಗೊತ್ತುಮಾಡಿದರು. ಯಾವ ದಿನ ಎಂದುಕೊಂಡಿರಿ? ಭಾನುವಾರ ರಾತ್ರಿ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಪೇಟೆ ಹಿಂದಿನ ಛತ್ರದಲ್ಲಿ! ನೋಟಿಸಿನಲ್ಲಿ ದೊಡ್ಡ ಅಕ್ಷರದಲ್ಲಿ 'ಆಕ್ಷೇಪಣೆ ಇರುವ ಕೆಲಸಗಾರರು ಮುಕ್ತವಾಗಿ ಮಾತನಾಡಬಹುದು' ಎಂದು ಬೇರೆ ಬರೆಸಿದ್ದರು. ಅದನ್ನು ಓದಿ ಜುಬೇದಾ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಬೇರೆ ದಿನ ಇಡಿ ಎಂದು ನಾವು ಕೆಲವರು ಹೋಗಿ ಕೇಳಿದೆವು. "ಭಾನುವಾರ ಬಿಟ್ಟರೆ ಯಾರಿಗಮ್ಮ ಪುರುಸೊತ್ತು?" ಎಂದರು ಚಿದಾನಂದಪ್ಪನವರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು, "ನಾನೂ ಬರ್ತೀನಿ. ನಾನೇನೂ ಮಾರಿಲ್ಲ, ನನಗೆ ಬಾಯಿದೆ," ಎಂದಳು.

ಆ ಭಾನುವಾರ ಅಂಗಡಿಯಿಂದ ನೇರವಾಗಿ ಮನೆಗೆ ಹೋಗಿ ಅಕ್ಕನನ್ನು ಕೈಹಿಡಿದು ಕರೆತಂದೆ. ಛತ್ರ ತುಂಬಿತ್ತು. ಮುಂದೆ ಕುರ್ಚಿಗಳಲ್ಲಿ ಮಾಲೀಕರು, ಅವರ ಮನೆಯ ಹೆಂಗಸರು, ಎಲ್ಲರೂ ಗಲಗಲ ಮಾತಾಡುತ್ತಿದ್ದರು. ಹಿಂದೆ ಗೋಡೆಗೆ ಒರಗಿ ನಿಂತ ನಮ್ಮ ಕಡೆ ಸದ್ದೇ ಇಲ್ಲ. ಚಿದಾನಂದಪ್ಪನವರು ಎದ್ದು ಕಲ್ಲಿನ ಮಾತನ್ನು ಮತ್ತೊಮ್ಮೆ ಓದಿ, ದೀಪ ದೊಡ್ಡದು ಮಾಡುವುದೆಂದರೆ ಹಿರಿಯರ ದೂರದೃಷ್ಟಿ ಎಂದೆಲ್ಲ ವಿವರಿಸಿ, ಭಾನುವಾರದ ವ್ಯಾಪಾರವನ್ನು ಕಾಯಂ ಮಾಡುವ ಗೊತ್ತುವಳಿ ಮುಂದಿಟ್ಟರು. "ಆಕ್ಷೇಪಣೆ ಇದ್ದವರು ಹೇಳಬಹುದು," ಎಂದು ನಮ್ಮ ಕಡೆ ನೋಡಿದರು.

ನಾವೆಲ್ಲ ಕೈ ಎತ್ತಿದೆವು. ಒಬ್ಬರೂ ಬಿಡದೆ ಎತ್ತಿದೆವು.

"ಕೈ ಎತ್ತಿದ್ದು ಲೆಕ್ಕಕ್ಕೆ ಬರಲ್ಲ. ಸಂಘದ ನಿಯಮದಲ್ಲಿ ಆಕ್ಷೇಪಣೆಯನ್ನು ಬಾಯಿಂದಲೇ ಹೇಳಬೇಕು ಅಂತಿದೆ," ಎಂದು ಅವರು ಬಹಳ ವ್ಯಸನದಿಂದ ಹೇಳಿದರು. ಮುಂದಿನ ಕುರ್ಚಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಗ ಅಕ್ಕ ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು. "ನಾನು ಹೇಳ್ತೀನಿ. ನನ್ನ ತಂಗಿ ಪರವಾಗಿ ಹೇಳ್ತೀನಿ."

"ನೀವು ಯಾವ ಅಂಗಡಿ ಅಮ್ಮ?"

"ಯಾವ ಅಂಗಡೀನೂ ಇಲ್ಲ."

"ಹಾಗಾದ್ರೆ ನಿಮಗೆ ಮಾತಾಡೋಕೆ ಅವಕಾಶ ಇಲ್ಲ. ಬೇಜಾರು ಮಾಡ್ಕೋಬೇಡಿ, ನಿಯಮ. ಇವರಿಗೊಂದು ಕುರ್ಚಿ ಕೊಡ್ರಪ್ಪ," ಎಂದರು. ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ದಿಕ್ಕು ತಪ್ಪಿ ಕಂಬದ ಕಡೆಗೆ ಮುಖ ಮಾಡಿಕೊಂಡು ನಿಂತೇ ಇದ್ದಳು. ಮಾತು ಇದ್ದವಳಿಗೆ ಅಂಗಡಿ ಇಲ್ಲ, ಅಂಗಡಿಯಲ್ಲಿ ದುಡಿದವರಿಗೆ ಮಾತಿಲ್ಲ. ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಾರೆ ನೋಡಿ ಎಂದು ನನಗೆ ಕಣ್ಣಿಗೆ ಕತ್ತಲೆ ಬರುವಷ್ಟು ಸಿಟ್ಟು ಬಂತು.

"ಆಕ್ಷೇಪಣೆ ಇಲ್ಲ. ಹಾಗಾದರೆ ಸರ್ವಾನುಮತದಿಂದ..." ಎಂದು ಅವರು ಶುರುಮಾಡಿದರು.

ನಾನು ನಿಂತದ್ದು ಸ್ವಿಚ್ ಬೋರ್ಡಿನ ಪಕ್ಕದಲ್ಲಿ. ಮೊದಲೇ ಯೋಚಿಸಿ ನಿಂತವಳಲ್ಲ, ಜಾಗ ಸಿಕ್ಕಿದ್ದು ಅಲ್ಲಿ. ದೀಪ ದೊಡ್ಡದು ಮಾಡಬೇಕು ತಾನೇ, ಇಗೋ ಮಾಡಿದೆ ಎಂದುಕೊಂಡು ಮೇನ್ ಸ್ವಿಚ್ಚನ್ನು ಕೆಳಗೆಳೆದೆ.

ಛತ್ರವೆಲ್ಲ ಕಗ್ಗತ್ತಲೆಯಾಯಿತು. ಮುಂದಿನ ಕುರ್ಚಿಗಳ ಮಾತು ಥಟ್ಟನೆ ನಿಂತಿತು. ಆ ಕತ್ತಲಲ್ಲಿ ಜುಬೇದಾ ಇರಬೇಕು, ಕೈ ಅಲ್ಲಾಡಿಸಿದಳು. ಬಳೆ ಸದ್ದಾಯಿತು. ಪಕ್ಕದವಳು ಅಲ್ಲಾಡಿಸಿದಳು. ಆಮೇಲೆ ಗೋಡೆಯುದ್ದಕ್ಕೂ ಬಳೆಗಳು, ಅವುಗಳ ಮಧ್ಯೆ ಗಂಡಸರ ಚಪ್ಪಲಿಗಳು ನೆಲಕ್ಕೆ ಬಡಿಯುವ ಸದ್ದು, ಎಲ್ಲ ಕಡೆಯಿಂದಲೂ.

"ಯಾರದು?" ಎಂದರು ಚಿದಾನಂದಪ್ಪನವರು.

ಯಾರು ಉತ್ತರ ಕೊಡಬೇಕು? ಕೊಡುವವರ ದನಿಯನ್ನೆಲ್ಲ ಅವರೇ ಮಧ್ಯಾಹ್ನ ತೆಗೆದುಕೊಂಡಿದ್ದರು.

"ಯಾರದು ಅಲ್ಲಿ? ಮಾತಾಡ್ರೀ!" ದನಿ ನಡುಗುತ್ತಿತ್ತು. ನಮ್ಮಕ್ಕ ಗೋಡೆ ಹಿಡಿದು ನಿಂತ ರಾತ್ರಿ ನಡುಗಿದ ಹಾಗೆಯೇ ನಡುಗುತ್ತಿತ್ತು, ನನಗೆ ಸ್ವಲ್ಪವೂ ಕನಿಕರ ಬರಲಿಲ್ಲ. ಬಳೆಗಳ ಸದ್ದು ಇನ್ನೂ ಜೋರಾಯಿತು. ಅವರಿಗೆ ತಡೆಯಲಾಗಲಿಲ್ಲ. ಸಣ್ಣ ದನಿ, ಇಸ್ತ್ರಿ ಅಂಗಿ, ನಿಯಮ ಎಲ್ಲ ಮರೆತು, ತಾಯಿ ಕಲಿಸಿದ ಬಾಯಲ್ಲಿ ಕಿರುಚಿದರು.

"ಯಾವನ್ರೀ ಅದು ದೀಪ ದೊಡ್ಡದು ಮಾಡಿದ್ದು?"

ಬಳೆಗಳು ನಿಂತವು. ಚಪ್ಪಲಿಗಳೂ ನಿಂತವು. ಕತ್ತಲೆ ಬೆಳಕಿನ ಹಂಗಿಲ್ಲದ ನಮ್ಮಕ್ಕ ಈಗ ಸರಿಯಾಗಿ ಅವರ ದನಿಯ ಕಡೆಗೆ ತಿರುಗಿ ಹೇಳಿದಳು.

"ಇನ್ನೊಂದ್ಸಲ ಹೇಳಿ ಸಾಹುಕಾರ್ರೇ, ಹಿಂದಿನವರಿಗೆ ಕೇಳಿಸಲಿಲ್ಲ. ದೀಪಕ್ಕೆ ಏನು ಮಾಡಿದ್ರು ಅಂದ್ರಿ?"

ಮೊದಲು ನಕ್ಕದ್ದು ಮಾಲೀಕರ ಮನೆಯ ಹೆಂಗಸರು. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗದೆ ನಕ್ಕರು. ಆಮೇಲೆ ಪಾತ್ರೆ ಅಂಗಡಿಯ ಮಾಲೀಕರೇ ಗಹಗಹಿಸಿದರು. ನಾವೂ ನಕ್ಕೆವು, ನಮ್ಮ ನಗುವಿಗೆ ಸದ್ದಿರಲಿಲ್ಲ, ಬರೀ ಉಸಿರು. ಯಾರೋ ಸ್ವಿಚ್ಚು ಹಾಕಿದರು. ಬೆಳಕಿನಲ್ಲಿ ಚಿದಾನಂದಪ್ಪನವರ ಬಾಯಿ ಇನ್ನೂ ತೆರೆದೇ ಇತ್ತು, ಅದರಿಂದ ಮಾತು ಬರುತ್ತಿರಲಿಲ್ಲ. ಅವರೇನೂ ಮಾರಿರಲಿಲ್ಲ, ಆದರೂ.

ಆ ನಗುವಿನ ಮೇಲೆ ಒಪ್ಪಿಗೆ ಎನ್ನಲು ಯಾವ ಮಾಲೀಕರಿಗೂ ಮುಖವಿರಲಿಲ್ಲ, ಗೊತ್ತುವಳಿ ಬಿದ್ದುಹೋಯಿತು. ಪೂರ್ತಿ ಸೋತರೆಂದು ತಿಳಿಯಬೇಡಿ, ಸಾಹುಕಾರರು ಹಾಗೆಲ್ಲ ಸೋಲುವುದಿಲ್ಲ. ಭಾನುವಾರ ಅಂಗಡಿ ತೆರೆಯಲು ಇಷ್ಟವಿದ್ದವರು ತೆರೆಯಬಹುದು, ಆದರೆ ಮಾಲೀಕರೇ ನಿಂತು ತಮ್ಮ ಕೈಯಾರೆ ಮಾರಬೇಕು ಎಂದು ಸಂಘದಲ್ಲಿ ತಿದ್ದುಪಡಿ ಮಾಡಿಕೊಂಡರು. ಅದಾದ ಮೇಲೆ ಭಾನುವಾರ ಮಧ್ಯಾಹ್ನ ನಮ್ಮ ಪೇಟೆಯಲ್ಲಿ ತೆರೆದಿರುವುದು ವಿಠಲರಾಯರ ಔಷಧಿ ಅಂಗಡಿಯೊಂದೇ. ಕಾರ್ಖಾನೆಯ ಹೆಣ್ಣುಮಕ್ಕಳಿಗಾಗಿ ಗುರುವಾರ ರಾತ್ರಿ ತಡವಾಗಿ ಬಾಗಿಲು ಹಾಕುತ್ತೇವೆ. ಕರೆಂಟು ಬಿಲ್ಲು ಸಾಹುಕಾರರೇ ಕಟ್ಟುತ್ತಿದ್ದಾರೆ, ಅವರಿಗೇನೂ ದಾರಿದ್ರ್ಯ ಬಂದಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಈಗಲೂ ನೆನೆದಾಗ ಹಲ್ಲು ಕಡಿಯುತ್ತೇನೆ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಮನೆಗೆ ಬಂದು ಚಿಲಕ ತೆಗೆದೆ. ಅಕ್ಕ ಚಾಪೆ ಹಾಸಿಕೊಂಡು ಆಗಲೇ ಕೂತಿದ್ದಳು.

"ಯಾರದು?" ಎಂದಳು, ಬೇಕೆಂದೇ.

"ನಾನು ಕಣೇ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಎದುರಿಗೆ ಕೂತು, ಊಟವನ್ನೂ ಮಾಡದೆ, ನವಿಲುಗರಿಯಿಂದ ಶುರುಮಾಡಿದೆ. ಮಳೆ ನಿಂತ ಮೇಲಿನ ಕೆಸುವಿನೆಲೆ ಎಂದೆ, ಇಲ್ಲ ಎಂದು ತಲೆಯಾಡಿಸಿದಳು. ಅವಳೇ ಹಿಂದೆ ಮಾರುತ್ತಿದ್ದ ಗಾಜಿನ ಬಳೆಗಳಲ್ಲಿ ಹಸಿರು ಬಳೆಯ ಮೇಲೆ ನೀಲಿ ಬಳೆ ಇಟ್ಟು ಬಿಸಿಲಿಗೆ ಹಿಡಿದ ಹಾಗೆ ಎಂದೆ. ಅವಳು ಮುಖ ನಿಧಾನವಾಗಿ ಮೇಲೆತ್ತಿದಳು.

"ಹಿಡಿದಿರು," ಎಂದಳು. "ಬಳೆ ಕೆಳಗಿಳಿಸಬೇಡ ಕಣೇ. ನೋಡ್ತಾ ಇದೀನಿ."